ಅಮಾವಾಸ್ಯೆಗೂ ನನಗೂ ಒಂದೇ ಲೆಕ್ಕ

"ಅಂಗೈಯಾಗಲಿ ಮುಷ್ಟಿಯಾಗಲಿ ಕಿವಿಗೆ ತಗುಲಿ ಸದ್ದಾದರೆ ಅದು ಒಂದು ಏಟು. ಕಿವಿ ಉಜ್ಜಿಕೊಂಡರೆ, ಕೂದಲು ಸರಿಸಿಕೊಂಡರೆ ಏಟಲ್ಲ."

ಆ ಮನೆಗೆ ಹೋದ ಮೊದಲ ದಿನ ನನ್ನ ಹಾಳೆಯಲ್ಲಿ ಬರೆದುಕೊಂಡ ಮೊದಲ ಸಾಲುಗಳು ಇವು. ಏನನ್ನು ಎಣಿಸುತ್ತಿದ್ದೇವೆ ಅನ್ನುವುದು ಯಾರು ಓದಿದರೂ ಒಂದೇ ಥರ ಅರ್ಥವಾಗಬೇಕು, ಆಮೇಲೆಯೇ ಎಣಿಕೆ. ನಮ್ಮ ಕಸುಬಿನ ಓನಾಮ ಅದು. ಬರೆದು, ಎರಡು ಸಲ ಓದಿ, ಹೆಮ್ಮೆಯಿಂದ ಪೆನ್ನು ಮುಚ್ಚಿದೆ. ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ, ಒಪ್ಪಿಕೊಳ್ಳುತ್ತೇನೆ.

ನಾನು ಮಕ್ಕಳ ವರ್ತನೆಯ ತೊಂದರೆಗಳನ್ನು ನೋಡುವ ಚಿಕಿತ್ಸಕಿ. ಕುಂದಾಣದಿಂದ ಬಸ್ಸು ಹಿಡಿದು ದೊಡ್ಡಬಳ್ಳಾಪುರಕ್ಕೆ ಬಂದು, ಅಲ್ಲಿಂದ ಮನೆ ಮನೆಗೆ ನಡೆಯುತ್ತೇನೆ. ಈ ಮನೆಯ ಮುಂದಿನ ಅಂಕಣದಲ್ಲಿ ನಾಲ್ಕು ವಿದ್ಯುತ್ ಮಗ್ಗ, ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ. ಅಪ್ಪ ಸೀರೆ ನೇಯುತ್ತಾರೆ, ಅಮ್ಮ ನೂಲು ಸುತ್ತಿಕೊಡುತ್ತಾರೆ, ಅಪ್ಪನ ತಾಯಿ, ಅಂದರೆ ಅಜ್ಜಿ, ಎಲ್ಲರನ್ನೂ ನೋಡಿಕೊಳ್ಳುತ್ತಾರೆ. ಹುಡುಗಿಗೆ ಎಂಟು ವರ್ಷ. ಮಾತು ಬಂದಿಲ್ಲ. ಎಡಗಿವಿಗೆ ತಾನೇ ಹೊಡೆದುಕೊಳ್ಳುತ್ತಾಳೆ. ಒಳಗೆ ಕಿವಿಯ ತಮಟೆ ಹರಿದಿದೆ, ವಾಸಿಯಾಗಲು ಏಟು ನಿಲ್ಲಬೇಕು, ಹೀಗೇ ನಡೆದರೆ ಆ ಕಿವಿ ಕೇಳುವುದಿಲ್ಲ ಅಂತ ಕಿವಿಯ ಡಾಕ್ಟರು ಹೇಳಿ ಕಳಿಸಿದ್ದರು.

ಇಂಥ ಕೆಲಸದಲ್ಲಿ ನೂರು ಮಕ್ಕಳನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡುವ ಹಾಗಿಲ್ಲ. ಇರುವುದು ಒಂದೇ ಮಗು. ಅವಳನ್ನು ಅವಳ ಜೊತೆಯೇ ಹೋಲಿಸಬೇಕು. ಮೊದಲು ಏನೂ ಮಾಡದೆ, ಇದ್ದದ್ದು ಇದ್ದ ಹಾಗೆ, ಸಾಕಷ್ಟು ದಿನ ಎಣಿಸುತ್ತೇವೆ. ಅದಕ್ಕೆ ಬೇಸ್‌ಲೈನ್ ಅನ್ನುತ್ತೇವೆ. ಆ ಗೆರೆ ಒಂದು ಮಟ್ಟದಲ್ಲಿ ನಿಂತ ಮೇಲೆ ಒಂದೇ ಒಂದು ಸಂಗತಿ ಬದಲಿಸಿ, ಗೆರೆ ಅಲುಗುತ್ತದಾ ನೋಡುತ್ತೇವೆ. ಕೇಳಲು ಸಲೀಸು.

ಮಂಗಳವಾರ, ಶುಕ್ರವಾರ ಹೋಗುತ್ತಿದ್ದೆ. ನಡುಮನೆಯ ಮೂಲೆಯಲ್ಲಿ ಕೂತು ಇಪ್ಪತ್ತು ನಿಮಿಷ ಎಣಿಕೆ. ಕೈಯಲ್ಲಿ ಒತ್ತುವ ಎಣಿಕೆಯಂತ್ರ, ಪಕ್ಕದಲ್ಲಿ ಗೋಡೆಗೆ ಒರಗಿಸಿದ ಫೋನಿನಲ್ಲಿ ವಿಡಿಯೋ. ಐದು ಸಲ ಹೋದೆ, ಐದು ಸಲವೂ ಐವತ್ತರ ಆಸುಪಾಸು. ಗೆರೆ ದಾರ ಹಿಡಿದು ಎಳೆದ ಹಾಗೆ ನೇರ. ಇಷ್ಟು ಚೆಂದದ ಬೇಸ್‌ಲೈನ್ ನನ್ನ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ ಅಂತ ಬೆಂಗಳೂರಿನಲ್ಲಿರುವ ನನ್ನ ಮೇಲ್ವಿಚಾರಕಿಗೆ ಫೋನು ಮಾಡಿ ಹೇಳಿದ್ದೂ ಆಯಿತು.

ಎರಡನೇ ಸಲ ಹೋದಾಗಲೇ ಅಪ್ಪ ಕೇಳಿದ್ದರು, ಮಗ್ಗದ ಸದ್ದಿಗೇ ಹೀಗೆ ಆಡ್ತಾಳಾ ಅಂತ. ಇಂಥ ಮಕ್ಕಳಿಗೆ ಸದ್ದು ತಡೆಯುವುದಿಲ್ಲ, ಇರಬಹುದು ಅಂದೆ. ನನ್ನ "ಇರಬಹುದು" ಅವರ ಕಿವಿಗೆ "ಹೌದು" ಅಂತಲೇ ಬಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಅವರು ಊರಾಚೆ ಒಂದು ಶೆಡ್ಡು ನೋಡಿಬಿಟ್ಟರು. ತಮ್ಮ ಅಪ್ಪನ ಕಾಲದಿಂದ ಮನೆಯೊಳಗೇ ಓಡಿದ ಮಗ್ಗಗಳನ್ನು ಮಗಳ ಕಿವಿಗೋಸ್ಕರ ಬಿಚ್ಚಿ ಸಾಗಿಸುವುದು, ಅಮಾವಾಸ್ಯೆ ಕಳೆದ ಮೇಲಿನ ಗುರುವಾರ ಟೆಂಪೋ ಬರುವುದು ಅಂತ ತೀರ್ಮಾನವಾಯಿತು. ನಾನು ಬೇಡ ಅನ್ನಲಿಲ್ಲ. ಒಳಗೊಳಗೇ ಒಳ್ಳೆಯದೇ ಆಯಿತು ಅಂದುಕೊಂಡೆ.

ನನಗೊಬ್ಬರು ಎರಡನೇ ಎಣಿಕೆಗಾರರು ಬೇಕಿತ್ತು. ಒಬ್ಬರ ಕಣ್ಣನ್ನೇ ನಂಬಬಾರದು ಅನ್ನುವುದು ನಮ್ಮ ನಿಯಮ. ಒಂದೇ ಹೊತ್ತಿನಲ್ಲಿ, ಒಬ್ಬರದನ್ನೊಬ್ಬರು ನೋಡದೆ ಇಬ್ಬರು ಎಣಿಸಿ, ಎಣಿಕೆ ತಾಳೆಯಾಗಬೇಕು. ಎಣಿಸಿ ಬರೆಯಲು ಅಮ್ಮನಿಗೆ ಪುಸ್ತಕ ಕೊಟ್ಟೆ. ಅವರ ಕೈ ರಾಟೆ ಬಿಟ್ಟು ಬರಲಿಲ್ಲ. ಆಗ ಅಜ್ಜಿ, ನಾನು ಎಣಿಸ್ತೀನಿ, ಆದರೆ ನಂಗೆ ಬರೆಯೋಕೆ ಬರಲ್ಲ ಅಂದರು. ಸೀರೆ ಮುಗಿದಾಗ ಮಗ್ಗದಲ್ಲಿ ಉಳಿಯುವ ತುಂಡು ನೂಲು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, ಒಂದೊಂದು ಏಟಿಗೆ ಒಂದೊಂದು ಗಂಟು ಹಾಕುತ್ತೀನಿ ಅಂದರು.

ನಗು ಬಂತು. ತೋರಿಸಿಕೊಳ್ಳಲಿಲ್ಲ. ನಾಲ್ಕನೇ ಸಲ ಹೋದಾಗ ಇಬ್ಬರೂ ಒಟ್ಟಿಗೆ ಎಣಿಸಿದೆವು. ಅಜ್ಜಿ ನೂಲಿನ ಕಡೆ ಒಮ್ಮೆಯೂ ನೋಡಲಿಲ್ಲ. ಕಣ್ಣು ಮೊಮ್ಮಗಳ ಮೇಲೆ, ಬೆರಳುಗಳು ಮಡಿಲಲ್ಲಿ. ಹರಿದ ಎಳೆಗೆ ಗಂಟು ಹಾಕಿ ಅರವತ್ತು ವರ್ಷ ಸವೆದ ಬೆರಳು ಅವು. ನನ್ನ ಯಂತ್ರ ಐವತ್ತೆರಡು ಅಂದಿತು. ಅಜ್ಜಿಯ ನೂಲಿನಲ್ಲಿ ಐವತ್ತನಾಲ್ಕು ಗಂಟು. ವಯಸ್ಸಾಯಿತಲ್ಲ ಅಂತ ಮನಸ್ಸಿನಲ್ಲೇ ಕ್ಷಮಿಸಿ, ಮನೆಗೆ ಹೋಗಿ ವಿಡಿಯೋ ನಿಧಾನವಾಗಿ ಓಡಿಸಿ ನೋಡಿದೆ. ಐವತ್ತನಾಲ್ಕು. ಹಾಳೆ ತಿರುಗಿಸಲು ನಾನು ತಲೆ ಬಗ್ಗಿಸಿದಾಗ ಎರಡು ತಪ್ಪಿತ್ತು. ಮಾರನೆಯ ದಿನದಿಂದ, ನಾನು ಬರದ ದಿನಗಳಲ್ಲೂ ಬೆಳಿಗ್ಗೆ ಅದೇ ಇಪ್ಪತ್ತು ನಿಮಿಷ ಎಣಿಸಿ ದಿನಕ್ಕೊಂದು ನೂಲು ಇಡಿ ಅಂತ ಫೋನಿನಲ್ಲಿ ಅವರನ್ನೇ ಕೇಳಿಕೊಂಡೆ. ಅಜ್ಜಿ ಒಂದು ಹೆಜ್ಜೆ ಮುಂದೆ ಹೋಗಿ, ಬೇರೆ ಹೊತ್ತಿನ ಏಟನ್ನೂ ಬಿಡದೆ, ಬೆಳಿಗ್ಗೆ ಮಧ್ಯಾಹ್ನ ಸಂಜೆಗಳ ನಡುವೆ ಒಂದಿಷ್ಟು ಜಾಗ ಬಿಟ್ಟು, ಅದೇ ನೂಲಿನ ತುದಿಯಲ್ಲಿ ಕಟ್ಟತೊಡಗಿದರು.

ಆರನೇ ಸಲ ಹೋಗಿದ್ದು ಮಂಗಳವಾರ. ಭಾನುವಾರ ಅಮಾವಾಸ್ಯೆ ಕಳೆದಿತ್ತು, ಗುರುವಾರ ಟೆಂಪೋ. ಅಜ್ಜಿ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದ ನೂಲುಗಳನ್ನು ತಂದು ಚಾಪೆಯ ಮೇಲೆ ದಿನದ ಸಾಲಿನಲ್ಲಿ ಹಾಸಿದರು. ನೋಡಿ ನನ್ನ ಉತ್ಸಾಹ ಇಳಿಯಿತು. ನಾನು ಬಂದ ದಿನದ ನೂಲಿನ ತುಂಬ ಗಂಟು, ಬರದ ದಿನಗಳಲ್ಲಿ ಆ ಇಪ್ಪತ್ತು ನಿಮಿಷದ ಜಾಗ ಹೆಚ್ಚುಕಡಿಮೆ ಖಾಲಿ. ಮೊಮ್ಮಗಳ ಮೇಲಿನ ಮಮತೆಗೆ ಅಜ್ಜಿ ಕಮ್ಮಿ ಕಟ್ಟಿದ್ದಾರೆ ಅನ್ನೋಣವೆಂದರೆ, ಅವರ ಎಣಿಕೆ ನನ್ನದಕ್ಕಿಂತ ಸರಿ ಅಂತ ವಿಡಿಯೋ ಹೇಳಿತ್ತು. ಇನ್ನೊಂದು ನೂಲು ಮಾತ್ರ ಎಲ್ಲಕ್ಕಿಂತ ಉದ್ದ. ಈ ತುದಿಯಿಂದ ಆ ತುದಿಗೆ ಗಂಟೇ ಗಂಟು.

"ಅದು ಅಮಾಸೆದು," ಅಂದರು ಅಜ್ಜಿ. "ನಾನು ಹೇಳ್ತಾನೇ ಇದ್ದೆ, ಮಗೂಗೆ ಅಮಾಸೆ ಹಿಡ್ದದೆ ಅಂತ. ನೀವು ನಗ್ತಿದ್ರಿ. ಈಗ ನೋಡಿ, ಅಮಾಸೆಗೂ ನಿಮ್ಗೂ ಒಂದೇ ಲೆಕ್ಕ ಬಂತಲ್ಲ ಮೇಡಂ."

ಅವರು ತಮಾಷೆಗೆ ಅಂದದ್ದು. ನನಗೆ ನಗಲಾಗಲಿಲ್ಲ. ಅಮಾವಾಸ್ಯೆಯಲ್ಲಿ ಇದ್ದು ನನ್ನಲ್ಲೂ ಇರುವಂಥದ್ದು ಏನು? ನೂಲುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅದನ್ನೇ ಗಟ್ಟಿಯಾಗಿ ಕೇಳಿದೆ. ರಾಟೆಯ ಮುಂದೆ ಕೂತಿದ್ದ ಅಮ್ಮ, ಇದೂ ಒಂದು ಪ್ರಶ್ನೆಯಾ ಅನ್ನುವ ಹಾಗೆ ತಲೆ ಎತ್ತಿದರು.

"ಎರಡು ದಿನಾನೂ ಮಗ್ಗ ನಿಲ್ಲುತ್ತಲ್ಲ ಮೇಡಂ. ಅಮಾಸೆ ದಿನ ನಮ್ಮನೇಲಿ ಓಡ್ಸಲ್ಲ. ಇನ್ನು ನೀವು ಬೀದಿ ತಿರುಗಿದ್ದು ಕಂಡ ತಕ್ಷಣ ನಾನು ಹೇಳ್ತೀನಿ, ಇವ್ರು ಆಫ್ ಮಾಡ್ತಾರೆ. ಮನೆಗೆ ಬಂದೋರ ಎದುರಿಗೆ ಮಗ್ಗ ಬಡಿಸ್ಕೊಂಡು ಕೂತ್ರೆ ಮರ್ಯಾದೆನಾ?"

ಐದು ಸಲವೂ ನಾನು ಬಂದಾಗ ಮನೆ ಶಾಂತವಾಗಿತ್ತು. ಅಕ್ಕಪಕ್ಕದ ಮನೆಗಳ ಮಗ್ಗ ಗೋಡೆಯಾಚೆ ಸಣ್ಣಗೆ ಕೇಳುತ್ತಿತ್ತು, ಅಷ್ಟೇ. ಏಟಿನ ಸದ್ದು ಚೆನ್ನಾಗಿ ಕೇಳುತ್ತದೆ ಅಂತ ಖುಷಿಪಟ್ಟಿದ್ದೆನೇ ಹೊರತು, ಈ ಹೊತ್ತಿನಲ್ಲಿ ನೇಕಾರರ ಮನೆ ಯಾಕೆ ಮೌನವಾಗಿದೆ ಅಂತ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ನೋಡುತ್ತಿದ್ದೇನೆ ಅಂದುಕೊಂಡೆನಲ್ಲ, ನಾನು ಬಂದದ್ದರಿಂದಲೇ ಅದು ಇದ್ದ ಹಾಗೆ ಇರಲಿಲ್ಲ. ದಾರ ಎಳೆದಂಥ ಗೆರೆಯಲ್ಲಿ ಹುಡುಗಿಯ ದಿನ ಇರಲಿಲ್ಲ, ನನಗೆ ಸಿಕ್ಕ ಮರ್ಯಾದೆ ಇತ್ತು. ದೀಪದ ಬುಡದಲ್ಲೇ ಕತ್ತಲೆ.

ಹಾಗಾದರೆ ಗುರುವಾರ ಟೆಂಪೋ ಬಂದು ಮಗ್ಗಗಳು ಹೋದರೆ? ಮನೆ ದಿನವಿಡೀ ಮೌನ. ಅವಳಿಗೆ ಪ್ರತಿ ದಿನವೂ ಅಮಾವಾಸ್ಯೆ. ಆ ಕಿವಿ ಉಳಿಯುವುದಿಲ್ಲ. ಅದಕ್ಕೆ ದಾರಿ ಮಾಡಿಕೊಟ್ಟದ್ದು ನನ್ನ ಒಂದು "ಇರಬಹುದು."

ಅಂಕಣಕ್ಕೆ ಹೋಗಿ ಅಪ್ಪನಿಗೆ ನೇರವಾಗಿ ಹೇಳಿದೆ, ನಾನು ಹೇಳಿದ್ದು ತಪ್ಪು ಅಣ್ಣ, ಮಗ್ಗ ಎತ್ತಿಸಬೇಡಿ ಅಂತ. ಅವರು ಸಿಟ್ಟಾಗಲಿಲ್ಲ, ಆದರೆ ಒಪ್ಪಲೂ ಇಲ್ಲ. ದಿನವೆಲ್ಲಾ ಸದ್ದು ತಡ್ಕೊಂಡು ತಡ್ಕೊಂಡು, ನಿಂತ ತಕ್ಷಣ ಒಳಗಿದ್ದದ್ದೆಲ್ಲ ಹೊರಗೆ ಹಾಕ್ತಾಳೆ ಅಂತ ಅವರ ವಾದ. ತಳ್ಳಿಹಾಕುವ ಮಾತಲ್ಲ ಅದು. ಏಟಿಗೆ ಕಾರಣ ಮೌನವೋ, ಅದರ ಹಿಂದಿನ ಸದ್ದೋ? ಇಂಥ ಎರಡನೇ ಕಾರಣ ಎದುರಿಗೆ ನಿಂತರೆ ಅದನ್ನು ದಾಟದೆ ಮುಂದೆ ಹೋಗುವ ಹಾಗಿಲ್ಲ. ಅಮಾವಾಸ್ಯೆಯ ನೂಲು ಎತ್ತಿಕೊಂಡೆ. ಸದ್ದಿನ ಆಯಾಸವೇ ಆಗಿದ್ದರೆ ಮಗ್ಗವೇ ಓಡದ ದಿನ ಹೊತ್ತು ಹೋದ ಹಾಗೆ ಏಟು ಕಮ್ಮಿಯಾಗಬೇಕಿತ್ತು. ಸಂಜೆಯ ಕಡೆಯ ಗಂಟುಗಳು ಬೆಳಗಿನಷ್ಟೇ ಇದ್ದವು. ಅದನ್ನು ತೋರಿಸಲು ನೂಲನ್ನು ಅವರ ಕೈಗೆ ಕೊಟ್ಟೆ.

ಅವರು ನೂಲನ್ನು ನೋಡಲಿಲ್ಲ. ನೇಕಾರರಲ್ಲವೇ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆಯುತ್ತಾ ಹೋದರು. ಗೇಣುದ್ದ ಹೋಗಿ ನಿಂತರು. ಹಿಂದಕ್ಕೆ ಬಂದು ಮತ್ತೆ ಎಳೆದರು.

"ಅಮ್ಮ, ಇದೇನು ಒಂದು ದಪ್ಪ ಒಂದು ಸಣ್ಣ ಕಟ್ಟಿದ್ದೀಯ?" ಅಂತ ಅಜ್ಜಿಯನ್ನು ಕೇಳಿದರು.

"ಅವ್ಳು ಹೊಡ್ಕೊಳ್ಳೋದೇ ಹಂಗೆ ಕಣಪ್ಪ. ಒಂದು ಗಟ್ಟಿ, ಒಂದು ಮೆತ್ತಗೆ. ಗಟ್ಟೀದಕ್ಕೆ ಜೋಡಿ ಗಂಟು ಹಾಕ್ದೆ."

ದಪ್ಪ, ಸಣ್ಣ. ದಪ್ಪ, ಸಣ್ಣ. ಅಜ್ಜಿಯ ಗಂಟಿನಲ್ಲಿ ಅಚ್ಚುಕಟ್ಟಿಲ್ಲ ಅಂತ ನಾನು ಅಂದುಕೊಂಡಿದ್ದೆ. ನನ್ನ ಹಾಳೆಯ ಪ್ರಕಾರ ಗಟ್ಟಿಯೂ ಒಂದೇ, ಮೆತ್ತಗಿನದೂ ಒಂದೇ. ಯಂತ್ರ ಒತ್ತಿದರೆ ಮುಗಿಯಿತು. ಅಪ್ಪ ನೂಲು ಹಿಡಿದೇ ಎದ್ದು ಹೋಗಿ ಮೂಲೆಯ ಮಗ್ಗ ಒಂದನ್ನೇ ಓಡಿಸಿದರು. ಅವರ ಅಪ್ಪ ತಂದಿದ್ದು, ಎಲ್ಲಕ್ಕಿಂತ ಹಳೆಯದು. ಒಂದು ಪಕ್ಕ ಸವೆದುಹೋಗಿ, ಕುಂಟನ ನಡಿಗೆಯ ಹಾಗೆ ಒಂದು ಏಟು ಜೋರಾಗಿ, ಮುಂದಿನದು ಮೆಲ್ಲಗೆ ಬೀಳುತ್ತಿತ್ತು. ನಡುಮನೆಯಲ್ಲಿ ಹುಡುಗಿಯ ಕೈ ಕಿವಿಯಿಂದ ಕೆಳಗಿಳಿಯಿತು. ಅವರು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಕೈ ಮೇಲೆ ಹೋಯಿತು. ಒಂದು ಗಟ್ಟಿ. ಒಂದು ಮೆತ್ತಗೆ. ಅಪ್ಪ ತಕ್ಷಣ ಮತ್ತೆ ಓಡಿಸಿದರು, ಕೈ ಇಳಿಯಿತು.

"ಇದು ನಮ್ಮಪ್ಪನ ಮಗ್ಗ ಮೇಡಂ," ಅಂದರು. "ನಿಂತೋದ್ರೆ ಇವ್ಳು ಓಡಿಸ್ತಾವ್ಳೆ."

ಇಪ್ಪತ್ತು ವರ್ಷದ ಕೆಲಸದಲ್ಲಿ ಅಂಥ ಬೆರಗು ನನಗೆ ಆಗಿರಲಿಲ್ಲ. ಮಾತಿಲ್ಲದ ಮಗು, ಹುಟ್ಟಿದಂದಿನಿಂದ ಕೇಳಿದ ಸದ್ದು ನಿಂತಾಗ ಅದನ್ನು ತನ್ನ ಮೈಯಲ್ಲೇ ಬಡಿದು ಉಳಿಸಿಕೊಳ್ಳುತ್ತಿತ್ತು. ಅದನ್ನು ಅಕ್ಷರ ಬಾರದ ಅಜ್ಜಿ ನೂಲಿನಲ್ಲಿ ಹಿಡಿದಿಟ್ಟರು, ಅವರ ಮಗ ಬೆರಳಲ್ಲಿ ಓದಿದರು. ನಾನು ಐದು ದಿನ ಎದುರಿಗೇ ಕೂತು ಎಣಿಸಿದ್ದೆ. ಕಣ್ಣಲ್ಲಿ ನೀರು ಬಂತು, ಮುಚ್ಚಿಡಲಿಲ್ಲ. ಅಪ್ಪ ಟೆಂಪೋದವರಿಗೆ ಫೋನು ಮಾಡಿ ಗುರುವಾರ ಬೇಡ ಅಂದರು.

ಕಾರಣ ಸಿಕ್ಕಿದ್ದು ಅರ್ಧ ದಾರಿ. ಸಂಜೆಯವರೆಗೆ ಯೋಚಿಸಿ ಒಂದು ಉಪಾಯಕ್ಕೆ ಬಂದೆ. ಹಳೇ ಮಗ್ಗದಿಂದ ಯಾವಾಗಲೋ ಬಿಚ್ಚಿಟ್ಟಿದ್ದ ಮರದ ಹಲಗೆಯೊಂದು ಅಟ್ಟದಲ್ಲಿತ್ತು. ಅದನ್ನು ಅವಳು ಕೂರುವ ಜಾಗದ ಪಕ್ಕ ಗೋಡೆಗೆ ಜಡಿಯುವುದು, ಮಗ್ಗ ನಿಂತಾಗ ಕಿವಿಯ ಬದಲು ಹಲಗೆ ಬಡಿಯುವುದನ್ನು ಕಲಿಸುವುದು. ಅಷ್ಟರವರೆಗೆ ಕಿವಿ ಕಾಯಲು ಎರಡೂ ಪಕ್ಕ ಹತ್ತಿ ತುಂಬಿದ ಟೋಪಿಯೊಂದನ್ನು ಅಮ್ಮ ಸೀರೆ ತುಂಡಿನಲ್ಲಿ ಹೊಲಿದರು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರನ್ನ ನೋಡಿದ್ದೀನಿ, ನಿಂದು ಎಂಟು ವರ್ಷ ಆದಮೇಲೆ ಅಂತ ಅಜ್ಜಿ ಸೊಸೆಯನ್ನು ಛೇಡಿಸಿದರು.

ಮೇಲ್ವಿಚಾರಕಿ ಫೋನಿನಲ್ಲಿ ಕೇಳಿದರು, ಏಟು ಇಳಿದರೆ ಅದು ಹಲಗೆಯಿಂದಲೇ ಇಳಿಯಿತು ಅಂತ ಹೇಗೆ ತೋರಿಸ್ತೀರಿ? ಟೋಪಿ ಇರಬಹುದು, ನಿಮ್ಮ ಓಡಾಟ ಇರಬಹುದು, ತನಗೆ ತಾನೇ ಇಳಿದಿರಬಹುದು. ಗಟ್ಟಿ ಸಾಕ್ಷಿಗೆ ಒಂದು ದಾರಿ ಇದೆ. ಇಳಿದ ಮೇಲೆ ಹಲಗೆ ತೆಗೆದುಬಿಡುವುದು. ಏಟು ಮತ್ತೆ ಏರಿದರೆ, ಹಲಗೆ ವಾಪಸು ಇಟ್ಟಾಗ ಮತ್ತೆ ಇಳಿದರೆ, ಅನುಮಾನವಿಲ್ಲ. ಅಮ್ಮನಿಗೆ ಇದನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಅಂದರು:

"ನಿಮ್ಗೆ ನಂಬಿಕೆ ಬರ್ಲಿ ಅಂತ ಅವ್ಳು ಇನ್ನೊಂದ್ಸಲ ಹೊಡ್ಕೋಬೇಕಾ ಮೇಡಂ?"

ಹಲಗೆ ತೆಗೆಯುವ ಮಾತು ಬಿಟ್ಟೆ. ಇನ್ನೊಂದು ದಾರಿ ಹಿಡಿದೆ, ನಿಧಾನದ ದಾರಿ. ಅಮಾವಾಸ್ಯೆ ಬಿಟ್ಟರೆ ಮಗ್ಗಗಳು ಹಗಲಿನಲ್ಲಿ ಮೂರು ಸಂದರ್ಭದಲ್ಲಿ ಒಟ್ಟಿಗೆ ನಿಲ್ಲುತ್ತಿದ್ದವು: ಊಟದ ಹೊತ್ತು, ನೆಂಟರೋ ನಾನೋ ಬಂದಾಗ, ಕರೆಂಟು ಹೋದಾಗ. ಮೂರಕ್ಕೂ ಅಜ್ಜಿಯಿಂದ ಬೇರೆ ಬೇರೆ ಬಣ್ಣದ ನೂಲು. ಹಲಗೆಯನ್ನು ಮೊದಲು ಊಟದ ಹೊತ್ತಿಗೆ ಮಾತ್ರ ಕೊಡುವುದು, ಉಳಿದೆರಡನ್ನು ಟೋಪಿಯ ಕಾವಲಿನಲ್ಲಿ ಹಾಗೇ ಎಣಿಸುತ್ತಾ ಹೋಗುವುದು. ಹಲಗೆ ಕೊಟ್ಟ ಕಡೆ ಮಾತ್ರ ಗೆರೆ ಇಳಿದು, ಕೊಡದ ಕಡೆ ಇಳಿಯದಿದ್ದರೆ, ಅದೇ ಸಾಕ್ಷಿ. ಯಾರಿಂದಲೂ ಏನನ್ನೂ ಕಿತ್ತುಕೊಳ್ಳುವ ಪ್ರಮೇಯವಿಲ್ಲ.

ಮೊದಲ ವಾರ ಸೋಲು. ಅಪ್ಪ ಮಗ್ಗ ನಿಲ್ಲಿಸುತ್ತಿದ್ದಂತೆ ಅವಳ ಕೈ ಹಿಡಿದು ಹಲಗೆಗೆ ಒಯ್ಯುತ್ತಿದ್ದೆ. ಕಿತ್ತುಕೊಂಡು ನೇರ ಕಿವಿಗೇ ಹೋಗುತ್ತಿದ್ದಳು. ಒಂದು ದಿನ ನನ್ನ ಕೆನ್ನೆಗೂ ಬಿತ್ತು. ನಾನು ಎರಡೂ ಏಟನ್ನು ಸಮಸಮವಾಗಿ ಬಡಿಸುತ್ತಿದ್ದೆ, ತಪ್ಪು ಅಲ್ಲಿತ್ತು. ಅಜ್ಜಿ ನನ್ನನ್ನು ಪಕ್ಕಕ್ಕೆ ಸರಿಸಿ, ಮೊಮ್ಮಗಳ ಕೈ ಮೇಲೆ ಕೈಯಿಟ್ಟು, ಒಂದು ಗಟ್ಟಿ, ಒಂದು ಮೆತ್ತಗೆ ಬಡಿಸಿದರು. ಹುಡುಗಿ ತಿರುಗಿ ಹಲಗೆ ನೋಡಿದಳು. ಆಮೇಲೆ ಕೈ ಬಿಡಿಸಿಕೊಂಡು ತಾನೇ ಬಡಿದಳು.

ಎರಡು ವಾರದಲ್ಲಿ ಊಟದ ಹೊತ್ತಿನ ನೂಲು ಬೋಳಾಗತೊಡಗಿತು. ಉಳಿದೆರಡು ಬಣ್ಣಗಳಲ್ಲಿ ಗಂಟು ಹಾಗೇ ಇದ್ದವು. ನಂತರ ನೆಂಟರು ಬಂದ ಹೊತ್ತಿಗೂ ಹಲಗೆ ಕೊಟ್ಟೆವು, ಆ ನೂಲೂ ಬೋಳಾಯಿತು. ಕರೆಂಟಿನದು ಮಾತ್ರ ತನ್ನ ಸರದಿ ಬರುವ ತನಕ ಒಂದಿಷ್ಟೂ ಇಳಿಯಲಿಲ್ಲ. ಬಂದ ಮೇಲೆ ಇಳಿಯಿತು. ಮೂರು ಗೆರೆಗಳನ್ನು ಒಂದರ ಕೆಳಗೊಂದು ಬರೆದಾಗ ಮೂರು ಮೆಟ್ಟಿಲು ಕಂಡವು. ಆ ಹಾಳೆಯನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಇನ್ನೊಂದು ಮಗುವಿಗೆ ಇದು ಆಗುತ್ತದೆ ಅಂತ ನಾನು ಹೇಳಲಾರೆ. ಕಿವಿಗೆ ಹೊಡೆದುಕೊಳ್ಳುವ ಮತ್ತೊಬ್ಬಳ ಮನೆಯಲ್ಲಿ ಮಗ್ಗವೇ ಇರಲಿಕ್ಕಿಲ್ಲ. ಈ ಮಗುವಿನ ಬಗ್ಗೆ ಮಾತ್ರ ಅನುಮಾನವಿಲ್ಲದೆ ಹೇಳಬಲ್ಲೆ.

ಆಮೇಲೆ ಟೋಪಿ ತೆಗೆದೆವು. ನಾನು ಹೋಗುವುದು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಆಯಿತು. ಕಿವಿಯ ತಮಟೆ ಕೂಡಿಕೊಳ್ಳುತ್ತಿದೆ ಅಂತ ಡಾಕ್ಟರು ಹೇಳಿದ ಸುದ್ದಿ ಫೋನಿನಲ್ಲಿ ಬಂತು.

ಕೊನೆಯ ಸಲ ಹೋದದ್ದು ಒಂದು ಶುಕ್ರವಾರ ಮಧ್ಯಾಹ್ನ. ಬೀದಿ ತಿರುಗಿದೆ. ಮಗ್ಗಗಳು ಓಡುತ್ತಿದ್ದವು. ಬಾಗಿಲಿಗೆ ಬಂದೆ, ಚಪ್ಪಲಿ ಬಿಟ್ಟೆ, ಓಡುತ್ತಲೇ ಇದ್ದವು. ಅಪ್ಪ ಮಗ್ಗದ ಮುಂದಿನಿಂದಲೇ ತಲೆಯಾಡಿಸಿ ನಕ್ಕರು. ಮನೆಯವಳನ್ನಾಗಿ ಮಾಡಿಕೊಂಡಿದ್ದರು ನನ್ನನ್ನು. ನಡುಮನೆಯ ಮೂಲೆಯಲ್ಲಿ ನನ್ನ ಜಾಗದಲ್ಲಿ ಕೂತು ಯಂತ್ರ ಕೈಗೆ ತೆಗೆದುಕೊಂಡೆ.

ಹತ್ತು ನಿಮಿಷವಾಗಿರಬಹುದು, ಕರೆಂಟು ಹೋಯಿತು. ನಮ್ಮ ಮನೆಯದಷ್ಟೇ ಅಲ್ಲ, ಇಡೀ ಬೀದಿಯದು. ಗೋಡೆಯಾಚೆಯ ಸದ್ದೂ ಇಲ್ಲ. ಅಂಥ ಮೌನವನ್ನು ಆ ಮನೆಯಲ್ಲಿ ನಾನೂ ಕೇಳಿರಲಿಲ್ಲ. ಅಪ್ಪ ಬಾಗಿಲಿಗೆ ಬಂದು ನಿಂತರು, ಅಮ್ಮನ ರಾಟೆ ನಿಂತಿತು. ಹುಡುಗಿ ಕೈ ಎತ್ತಿದಳು. ಕೈ ಹಲಗೆಗೆ ಹೋಯಿತು. ಒಂದು ಗಟ್ಟಿ, ಒಂದು ಮೆತ್ತಗೆ, ಹೀಗೆ ನಾಲ್ಕೈದು ಸಲ. ಆಮೇಲೆ ಅದನ್ನೂ ನಿಲ್ಲಿಸಿದಳು. ಎದ್ದು ಅಂಕಣಕ್ಕೆ ಹೋಗಿ, ಅಲುಗದೆ ನಿಂತಿದ್ದ ತಾತನ ಮಗ್ಗದ ಮರಕ್ಕೆ ಎಡಗಿವಿ ಆನಿಸಿ ನಿಂತಳು. ಏನು ಕೇಳಿತೋ ಅವಳಿಗೆ. ಕರೆಂಟು ಬರುವ ತನಕ ಹಾಗೇ ನಿಂತಿದ್ದಳು.

ಮಗ್ಗಗಳು ಮತ್ತೆ ಹೊರಟವು. ಅಜ್ಜಿ ಬಾಗಿ ನನ್ನ ಕಿವಿಯ ಹತ್ತಿರ, ಎಷ್ಟಾಯ್ತು ಮೇಡಂ ಅಂದರು. ಕೈ ನೋಡಿಕೊಂಡೆ. ಯಂತ್ರ ಯಾವಾಗಲೋ ಮಡಿಲಿಗೆ ಬಿದ್ದಿತ್ತು.

"ಎಣಿಸೋದು ಮರೆತೆ ಅಜ್ಜಿ."

"ನಾನು ಎಣಿಸಿದೀನಿ ತಗೊಳವ್ವ," ಅಂತ ಸೆರಗಿನ ತುದಿ ಬಿಚ್ಚಿ ನೂಲು ಕೈಗಿಟ್ಟರು. ಅವರ ಮಗ ಮಾಡಿದ್ದ ಹಾಗೆಯೇ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಎಳೆದೆ. ಒಂದು ಗಂಟೂ ಸಿಗಲಿಲ್ಲ.